ಸಣ್ಣ ಕಂಪೆನಿಯ ಸಣ್ಣ ಷೇರುದಾರ

ಕಂಪೆನಿಯ ಷೇರು ಕೊಂಡವನು ಅದರ ಒಡೆಯರಲ್ಲಿ ಒಬ್ಬನೆಂದು ವಾಣಿಜ್ಯಶಾಸ್ತ್ರದ ಪಠ್ಯಗಳು ಹೇಳುತ್ತವೆ. ಕೆಲವೇ ಕೋಟಿ ರೂಪಾಯಿ ಬಂಡವಾಳದ ಸಾರ್ವಜನಿಕ ಕಂಪೆನಿಯ ನೂರಿನ್ನೂರು ಷೇರು ಉಳ್ಳವನಿಗಾದರೋ ಈ ಒಡೆತನ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ವರದಿಗೆ ಸೀಮಿತ. ಊರಿನ ಪರಿಚಿತರು ಆರಂಭಿಸಿದ ಉದ್ಯಮವೆಂಬ ಅಭಿಮಾನದಿಂದ ಹಣ ತೊಡಗಿಸಿ, ಬಳಿಕ ನೌಕರಿಗಾಗಿ ಮುಂಬಯಿ, ಪುಣೆ ಸೇರಿದವರ ಮನೆಗಳಲ್ಲಿ ಇಂತಹ ಷೇರುಪತ್ರಗಳು ಇಂದಿಗೂ ಬೀರುವಿನೊಳಗೆ ಮಲಗಿವೆ.

ಬೇಡವಾದರೆ ಮಾರಿಬಿಡಬಹುದಲ್ಲವೇ? ಕೊಳ್ಳುವವರಾರು? ಸೆಬಿಯು 2012ರಲ್ಲಿ ಪ್ರಕಟಿಸಿದ ನಿರ್ಗಮನ ನೀತಿಯ ತರುವಾಯ ಪ್ರಾದೇಶಿಕ ಷೇರು ವಿನಿಮಯ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. 2014ರಲ್ಲಿ ಬೆಂಗಳೂರಿನದೂ ನಿಂತಿತು. ಅಲ್ಲಿ ಮಾತ್ರ ನಮೂದಾಗಿದ್ದ ಸಣ್ಣ ಕಂಪೆನಿಗಳ ಷೇರುಗಳಿಗೆ ಪೇಟೆಯೇ ಇಲ್ಲವಾಯಿತು. ಬಹುಮಟ್ಟಿಗೆ ಉಳಿದ ಗಿರಾಕಿ ಪ್ರವರ್ತಕರ ಕುಟುಂಬವೊಂದೇ. ಬೆಲೆಯನ್ನು ಹೇಳುವುದೂ ಅದೇ.

ಕಾವಲಾದರೂ ಬಿಗಿಯಾಗಿದೆಯೇ? ವಿನಿಮಯ ಕೇಂದ್ರಗಳ ಪಟ್ಟಿಯಲ್ಲಿಲ್ಲದ ಸಾರ್ವಜನಿಕ ಕಂಪೆನಿಯ ಬಂಡವಾಳ 10 ಕೋಟಿ, ವಹಿವಾಟು 100 ಕೋಟಿ, ಸಾಲ 50 ಕೋಟಿ ರೂಪಾಯಿಗಳನ್ನು ಮುಟ್ಟದಿದ್ದರೆ ಸ್ವತಂತ್ರ ನಿರ್ದೇಶಕರಾಗಲಿ ಲೆಕ್ಕಪರಿಶೋಧನ ಸಮಿತಿಯಾಗಲಿ ಕಡ್ಡಾಯವಲ್ಲ. ವೆಚ್ಚದ ಹೊರೆ ತಪ್ಪಲೆಂಬ ಉದ್ದೇಶ ಒಳ್ಳೆಯದೇ. ಆದರೆ ದೊಡ್ಡ ಕಂಪೆನಿಯ ಮೇಲೆ ಪತ್ರಿಕೆಗಳ, ಹಣಕಾಸು ಸಂಸ್ಥೆಗಳ ಕಣ್ಣಿರುತ್ತದೆ. ಸಣ್ಣ ಕಂಪೆನಿಯಲ್ಲಿ ಅಧ್ಯಕ್ಷರು ತಂದೆ, ವ್ಯವಸ್ಥಾಪಕ ನಿರ್ದೇಶಕರು ಮಗ, ಕಚೇರಿಯ ಕಟ್ಟಡ ಸೊಸೆಯ ಹೆಸರಿನಲ್ಲಿ!

ಲಾಭ ಕರಗುವ ದಾರಿಗಳು ಇಲ್ಲಿಯೇ ತೆರೆಯುತ್ತವೆ. ಲಾಭಾಂಶ ವರ್ಷಗಟ್ಟಲೆ ಸೊನ್ನೆ; ನಿರ್ದೇಶಕರ ಸಂಭಾವನೆ ಏರುತ್ತದೆ, ಬಾಡಿಗೆ ಏರುತ್ತದೆ, ಸೋದರ ಸಂಸ್ಥೆಯಿಂದ ಕೊಂಡ ಸರಕಿನ ದರವೂ ಏರುತ್ತದೆ. ಇದಾವುದೂ ಕಳವೆನಿಸದು, ಪ್ರತಿಯೊಂದಕ್ಕೂ ಗೊತ್ತುವಳಿಯಿದೆ, ಸಹಿಯಿದೆ. ವರದಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುವ ‘ಸಂಬಂಧಿತ ಪಕ್ಷಗಳೊಡನೆ ವ್ಯವಹಾರ’ ಎಂಬ ಟಿಪ್ಪಣಿಯನ್ನು ಎರಡು ಮೂರು ವರ್ಷಗಳದು ಒಟ್ಟಿಗಿಟ್ಟು ಓದಿದರೆ ಮಾತ್ರ ಕಥೆ ತಿಳಿಯುತ್ತದೆ. ಅದೇ ಕಂಪೆನಿಗೆ ಸಾಲ ಕೊಟ್ಟ ಬ್ಯಾಂಕು ತಿಂಗಳು ತಿಂಗಳೂ ದಾಸ್ತಾನಿನ ಪಟ್ಟಿ ಕೇಳುತ್ತದೆ, ನಿರ್ದೇಶಕರ ಸ್ವಂತ ಜಾಮೀನು ಪಡೆಯುತ್ತದೆ. ಬಂಡವಾಳ ಕೊಟ್ಟವನಿಗೆ ಈ ಎರಡೂ ಇಲ್ಲ.

2013ರ ಕಂಪೆನಿ ಕಾಯಿದೆಯ 241ನೆಯ ಕಲಮಿನಡಿ ದಬ್ಬಾಳಿಕೆ, ದುರಾಡಳಿತಗಳ ವಿರುದ್ಧ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು, ನಿಜ. ಆದರೆ ನೂರು ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೆಯ ಒಂದು ಪಾಲು, ಇವೆರಡರಲ್ಲಿ ಕಡಮೆಯಾದಷ್ಟು ಜನ ಒಂದಾಗಬೇಕು. ಇಲ್ಲವೇ ಬಂಡವಾಳದ ಹತ್ತನೆಯ ಒಂದು ಪಾಲು ಅರ್ಜಿದಾರರದಾಗಿರಬೇಕು. ಮಂಡಳಿ ಇದನ್ನು ಸಡಿಲಿಸಬಲ್ಲದು; ಅದಕ್ಕೂ ಬೇರೆ ಅರ್ಜಿ, ಬೇರೆ ವಕೀಲರ ಶುಲ್ಕ. ಊರೂರುಗಳಿಗೆ ಚದುರಿದವರು ಒಬ್ಬರನ್ನೊಬ್ಬರು ಹುಡುಕುವುದು ಹೇಗೆ? ಸದಸ್ಯರ ಪುಸ್ತಕವನ್ನು ನೋಡುವ ಹಕ್ಕು ಪ್ರತಿ ಷೇರುದಾರನಿಗಿದೆ. ಆದರೆ 2022ರ ನಿಯಮ ತಿದ್ದುಪಡಿಯು ಅದರಲ್ಲಿನ ವಿಳಾಸ, ಮಿಂಚಂಚೆಗಳನ್ನು ಪರಿಶೀಲನೆಯಿಂದ ಹೊರಗಿಟ್ಟಿತು. ಖಾಸಗಿತನ ಕಾಪಾಡಬೇಕಾದುದೇ. ಆದರೂ ಕೂಡಿ ಬನ್ನಿರೆಂದು ಒಂದು ಕೈಯಿಂದ ಕರೆದು, ಕೂಡುವ ದಾರಿಯನ್ನು ಇನ್ನೊಂದು ಕೈಯಿಂದ ಮುಚ್ಚಿದಂತಾಯಿತು.

ಮಹಾಸಭೆಯ ಮಾತೂ ಅಷ್ಟೆ. ಅದು ನೋಂದಾಯಿತ ಕಚೇರಿಯ ಊರಿನಲ್ಲಿ, ಹಗಲು ಹೊತ್ತಿನಲ್ಲಿ. ಮುಂಬಯಿಯ ನೌಕರ ರಜೆ ಹಾಕಿ ಹೋಗಬೇಕು, ಇಲ್ಲವೇ ಪ್ರತಿನಿಧಿಯನ್ನು ಕಳುಹಬೇಕು. ಸಭೆಯಲ್ಲಿ ಮಾತನಾಡುವ ಹಕ್ಕು ಆ ಪ್ರತಿನಿಧಿಗಿಲ್ಲ.

ಇದಕ್ಕೆ ದುಬಾರಿ ಕಟ್ಟಳೆಗಳೇನೂ ಬೇಕಿಲ್ಲ. ಷೇರುದಾರನೊಬ್ಬ ಬರೆದ ಪತ್ರವನ್ನು ವಿಳಾಸ ತಿಳಿಸದೆಯೇ ಉಳಿದೆಲ್ಲ ಸದಸ್ಯರಿಗೆ ತಲುಪಿಸುವ ಹೊಣೆಯನ್ನು ಕಂಪೆನಿಯ ಮೇಲೆ ಹೊರಿಸಿದರೆ ಸಾಕು. ಸದಸ್ಯರ ಹೇಳಿಕೆಯನ್ನು ಹಂಚುವ ವಿಧಿ ಕಾಯಿದೆಯಲ್ಲಿ ಈಗಲೂ ಇದೆ. ಅದನ್ನು ಕೇಳಲು ಮತದ ಹತ್ತನೆಯ ಒಂದು ಪಾಲು ಬೇಕೆಂಬ ಷರತ್ತನ್ನು ಸಣ್ಣ ಕಂಪೆನಿಗಳ ಮಟ್ಟಿಗೆ ತೆಗೆಯಬೇಕು. ಅಂಚೆಯ ವೆಚ್ಚವನ್ನು ಪತ್ರ ಬರೆದವನೇ ಭರಿಸಲಿ.