32 ಸಾವಿರದ ಗೆರೆ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗದ ಕಡೆ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದವರಿಗೆ ಊರಿನವರು ಕೊಡುವ ಮೊದಲ ಬುದ್ಧಿಮಾತು ಒಂದೇ: ‘ಏನ್ ಕೆಲ್ಸ ಅಂತ ಕೇಳಿದ್ರೆ ಏನೂ ಇಲ್ಲ ಅಂದ್ಬಿಡು.’ ಹಾಗೆ ಹೇಳಿಸಿಕೊಂಡವರೇನೂ ಸುಮ್ಮನೆ ಕೂತವರಲ್ಲ. ಕೂತಲ್ಲೇ ಅಡಿಕೆ ಸುಲಿಯುತ್ತಾರೆ, ಹಿರಿಯೂರಿನ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾರೆ, ಹೂ ಕಟ್ಟುತ್ತಾರೆ. ಗ್ರಾಮ ಆಡಳಿತಾಧಿಕಾರಿ ಪರಿಶೀಲನೆಗೆ ಬರುವ ದಿನ ಮಾತ್ರ ಎಲ್ಲರೂ ನಿರುದ್ಯೋಗಿಗಳು.

ಒಂದು ಮನೆಯಲ್ಲಿ ಅತ್ತೆ ಹಳೇ ಸೀರೆ ತಂದು ಸೊಸೆಯ ಹೊಲಿಗೆ ಮಷೀನಿಗೆ ಹೊದಿಸಿ, ಮೇಲೆ ದಿಂಬು ಪೇರಿಸಿದ್ದರು. ನೆಲದ ಮೇಲೆ ಬಿದ್ದಿದ್ದ ಬ್ಲೌಸ್ ತುಂಡುಗಳನ್ನು ಗುಡಿಸಿ ಮಂಚದಡಿಗೆ ತಳ್ಳಿದ್ದಾಗಿತ್ತು. ಸೊಸೆಗೆ ಪೋಲಿಯೊ ಆದ ಕಾಲು. ವಿಕಲಚೇತನರ ಸಬಲೀಕರಣ ಇಲಾಖೆ ಇಂಥವರಿಗೇ ಹೊಲಿಗೆ ಯಂತ್ರ ಹಂಚುತ್ತದೆ, ಸ್ವಂತ ಉದ್ಯೋಗಕ್ಕೆ ಆಧಾರ ಯೋಜನೆಯಲ್ಲಿ ನೆರವು ಕೊಡುತ್ತದೆ. ಪಿಂಚಣಿ ಕೊಡುವುದು ಕಂದಾಯ ಇಲಾಖೆ. ಒಂದು ಇಲಾಖೆ ದುಡಿ ಎನ್ನುತ್ತದೆ, ಇನ್ನೊಂದು ಇಲಾಖೆಯವರು ಬಂದಾಗ ದುಡಿಮೆಯನ್ನು ಬಚ್ಚಿಡಬೇಕು!

ಹಾಗೆ ನೋಡಿದರೆ ದುಡಿಯುವವರಿಗೆ ಪಿಂಚಣಿ ಇಲ್ಲ ಎಂದು ನಿಯಮ ಹೇಳುವುದಿಲ್ಲ. ಕೇಳುವುದು ಮುಖ್ಯವಾಗಿ ಎರಡನ್ನು: ವೈಕಲ್ಯ ಶೇ 40 ಮುಟ್ಟಿರಬೇಕು, ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಿರಬಾರದು. ವೈದ್ಯರು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗಾಗಿ ಅಳೆಯುವುದು ದೇಹವನ್ನು, ದುಡಿಮೆಯನ್ನಲ್ಲ. ಮಷೀನು ತುಳಿದರೆ ಶೇಕಡಾವಾರು ಇಳಿಯುವುದಿಲ್ಲ ಎಂದು ಯಾರಾದರೂ ಆ ಅತ್ತೆಗೆ ಹೇಳಬೇಕಿತ್ತು.

ಆದರೆ ಆದಾಯದ ವಿಷಯದಲ್ಲಿ ಅವರ ಭಯ ಸುಳ್ಳಲ್ಲ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ (ನರೇಗಾ) ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮನೆಯ ಒಬ್ಬರು ನೂರು ದಿನ ದುಡಿದರೆ 37,000. ಸರ್ಕಾರವೇ ಖಾತ್ರಿ ಕೊಟ್ಟ ಕೂಲಿಯನ್ನು ನೆಟ್ಟಗೆ ಲೆಕ್ಕ ಹಿಡಿದರೆ ಸರ್ಕಾರದ್ದೇ ಗೆರೆ ದಾಟುತ್ತದೆ. ತಿಂಗಳಿಗೆ 2,700 ರೂಪಾಯಿಯೂ ಇಲ್ಲದೆ ಒಂದು ಸಂಸಾರ ಬದುಕುತ್ತದೆಂದು ಆದಾಯ ಪ್ರಮಾಣಪತ್ರದಲ್ಲಿ ಬರೆಯುವವರೂ ನಂಬುವುದಿಲ್ಲ, ಬರೆಸಿಕೊಳ್ಳುವವರೂ ನಂಬುವುದಿಲ್ಲ. ಅದೂ ಕುಟುಂಬದ ಆದಾಯ. ಅಣ್ಣ ಗಾರೆ ಕೆಲಸಕ್ಕೆ ಹೋದರೆ ಕಣ್ಣು ಕಾಣದ ತಂಗಿಯ ಅರ್ಜಿಗೆ ಕುತ್ತು.

ಇಷ್ಟೆಲ್ಲ ಒದ್ದಾಟದ ಕೊನೆಗೆ ಸಿಗುವುದು ತಿಂಗಳಿಗೆ 800 ರೂಪಾಯಿ. ವೈಕಲ್ಯ ಶೇ 75ಕ್ಕಿಂತ ಹೆಚ್ಚಾದರೆ 1,400. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಹಿರಿಯರಿಗೆ 1,200 ಸಿಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಇತರರಿಗೆ ಇರುವ ಅಂಥದೇ ಯೋಜನೆಗಿಂತ ವಿಕಲಚೇತನರ ನೆರವು ಕನಿಷ್ಠ ಶೇ 25 ಹೆಚ್ಚಿರಬೇಕು. 1,200ಕ್ಕೆ ಶೇ 25 ಸೇರಿಸಿದರೆ 1,500. 800 ಎಲ್ಲಿ, 1,500 ಎಲ್ಲಿ?

ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ, ಗೌರವಧನಕ್ಕೆ ದುಡಿಯುವವರು. ಅರ್ಜಿ ತುಂಬಿಸುವುದು, ಚಿತ್ರದುರ್ಗದ ಆಸ್ಪತ್ರೆಗೆ ಯಾವಾಗ ಹೋಗಬೇಕೆಂದು ತಿಳಿಸುವುದು ಅವರ ಪಾಲಿನ ಕೆಲಸ. ಯಾವ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ವಿಧಾನಸೌಧದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆ ಸಿಕ್ಕು ಬಿಡಿಸಲು ಅರ್ಜಿದಾರರ ಸ್ವಂತ ಆದಾಯವನ್ನಷ್ಟೇ ಪರಿಗಣಿಸಿ, ಆದಾಯದ ಮಿತಿಯನ್ನೂ ಉದ್ಯೋಗ ಖಾತ್ರಿ ಕೂಲಿಯ ಜೊತೆ ವರ್ಷವರ್ಷ ಏರಿಸಿ ಎಂಬುದು ನಮ್ಮ ಒತ್ತಾಯ. ನಮ್ಮ ಜಿಲ್ಲೆಯ ಶಾಸಕರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಕಂದಾಯ ಸಚಿವರನ್ನು ಕೇಳಲಿ: ಈ 32,000 ಯಾವ ಲೆಕ್ಕದಿಂದ ಬಂತು?