ಕರಿಬೇವಿನ ಗಿಡದ ಅತಿಥಿಗಳು

ಯುಗಾದಿಯ ಹೊತ್ತಿಗೆ ರಾಜಾಜಿನಗರ, ವಿಜಯನಗರದ ಬೀದಿಗಳಲ್ಲಿ ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ. ಚೈತ್ರದ ಸೊಬಗು ನೋಡಲು ಮಕ್ಕಳನ್ನು ಲಾಲ್‌ಬಾಗಿಗೇ ಕರೆದೊಯ್ಯಬೇಕೆಂದೇನಿಲ್ಲ. ಮನೆಯ ಸಂಪಿನ ಪಕ್ಕದಲ್ಲಿ ಒಂದು ಕರಿಬೇವಿನ ಗಿಡವಿದ್ದರೂ ಸಾಕು.

ಅದರ ಎಳೆಯ ಎಲೆಗಳನ್ನು ಗಮನವಿಟ್ಟು ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವುದು ಮೆಲ್ಲನೆ ತೆವಳಿದರೆ, ಅದು ಚಿಟ್ಟೆಯ ಮರಿಹುಳು! ಹಕ್ಕಿಗಳ ಕಣ್ಣು ತಪ್ಪಿಸಲು ಈ ವೇಷ. ದೊಡ್ಡದಾದಂತೆ ಹುಳು ಎಲೆಯ ಹಸಿರನ್ನೇ ತೊಡುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮುಂದೆ ಇದೇ ಹುಳು ಕಪ್ಪು ರೆಕ್ಕೆಯ 'ಕಾಮನ್ ಮಾರ್ಮನ್' ಚಿಟ್ಟೆಯಾಗುತ್ತದೆ. ತಾಯಿ ಚಿಟ್ಟೆ ಎಲೆಯನ್ನು ಮುಂಗಾಲಿನಿಂದ ತಟ್ಟಿ, ರುಚಿ ನೋಡಿಯೇ ಮೊಟ್ಟೆ ಇಡುತ್ತದೆ. ಕರಿಬೇವು, ನಿಂಬೆಯ ಕುಟುಂಬದ ಗಿಡಗಳೇ ಅದಕ್ಕೆ ಬೇಕು. ಬೇರೆ ಗಿಡದ ಎಲೆ ಮರಿಗೆ ಒಗ್ಗದು.

ಹುಳು ಕಂಡೊಡನೆ ಔಷಧಿ ಸಿಂಪಡಿಸುವ ಹಿರಿಯರಿಗೆ ಒಂದು ಮಾತು. ಆ ಎಲೆ ಹೋಗುವುದು ನಮ್ಮದೇ ಒಗ್ಗರಣೆಗೆ. ಚೆನ್ನಾಗಿ ಬೆಳೆದ ಗಿಡ ನಾಲ್ಕು ಹುಳು ತಿಂದರೂ ಮತ್ತೆ ಚಿಗುರುತ್ತದೆ. ಕುಂಡದ ಪುಟ್ಟ ಸಸಿಯಾದರೆ ಹುಳುವನ್ನು ಎಲೆಸಮೇತ ದೊಡ್ಡ ಕರಿಬೇವಿನ ಗಿಡಕ್ಕೆ ಸಾಗಿಸಿ. ಈ ಹುಳು ಕಚ್ಚುವುದಿಲ್ಲ. ಮೈತುಂಬ ರೋಮವಿರುವ ಕಂಬಳಿಹುಳುವನ್ನು ಮಾತ್ರ ಮಕ್ಕಳು ಮುಟ್ಟಬಾರದು.

ಔಷಧಿಯಿಂದ ನಷ್ಟ ಚಿಟ್ಟೆಗೆ ಮಾತ್ರವಲ್ಲ. ದಾಸವಾಳದ ಮಕರಂದ ಹೀರುವ ಸೂರಕ್ಕಿ ತನ್ನ ಮರಿಗಳಿಗೆ ಉಣಿಸುವುದು ಸಣ್ಣ ಹುಳು, ಜೇಡಗಳನ್ನು. ಅದರ ತೂಗುವ ಗೂಡಿಗೆ ಬೇಕಾದ ನೂಲೂ ಜೇಡರ ಬಲೆಯದೇ. ಹಿತ್ತಲಿನ ಒಂದೆರಡು ಬಲೆಗಳನ್ನು ಗುಡಿಸದೆ ಬಿಟ್ಟರೆ ಅದಕ್ಕೆ ಉಪಕಾರ.

ನೀರಿನ ಚಿಂತೆಯೇ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನೆನಪಿರಬಹುದು. ಅಕ್ಕಿ, ತರಕಾರಿ ತೊಳೆದ ನೀರು ಕರಿಬೇವಿಗೆ ಧಾರಾಳವಾಗಿ ಸಾಕು.

ವಿದ್ಯಾರ್ಥಿಗಳೇ, ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ದಿನಾಂಕ ಹಾಕಿ ಬರೆಯುತ್ತ ಬನ್ನಿ: ಮೊಟ್ಟೆ ಕಂಡದ್ದೆಂದು, ಹುಳು ಹಸಿರಾದದ್ದೆಂದು, ಕೋಶ ಕಟ್ಟಿದ್ದೆಂದು. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ನಾಲ್ಕು ವಾರ. ಬೇಸಿಗೆ ರಜೆಯೊಳಗೇ ಮುಗಿಯುವ ಪಾಠ. ಕೋಶ ಒಡೆದ ದಿನ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ. ಮುಟ್ಟಬೇಡಿ. ರೆಕ್ಕೆ ಒಣಗಿದ ಮೇಲೆ ಅದು ತಾನೇ ಹಾರಿ ಹೋಗುತ್ತದೆ.