ಹಳೇ ಹೊಗೆಗೂಡಿಗೆ ಹೊಸ ಒಲೆ: ಕೂಡಿಸುವ ಮುಂಚೆ ಒಳಗೆ ನೋಡಿ

ಗ್ಯಾಸ್ ಬಂದರೆ ಸೌದೆ ಒಲೆ ಹೋಗುತ್ತದೆ ಎಂದುಕೊಂಡವರು ಬಹಳ ಜನ. ನಮ್ಮ ಶಿರಾ ಸುತ್ತಮುತ್ತಲ ಹಳ್ಳಿಗಳಲ್ಲಿ ಅದು ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಟೀ, ಸಾರು ಗ್ಯಾಸಿನ ಮೇಲೆ. ಸ್ನಾನದ ನೀರು, ಹಬ್ಬದ ಅಡುಗೆ, ಹತ್ತು ಜನರ ಮುದ್ದೆ ಸೌದೆಯ ಮೇಲೆ. ಜಾಲಿ, ತೆಂಗಿನ ಮಟ್ಟೆ, ತೊಗರಿ ಕಡ್ಡಿ ಹೊಲದಲ್ಲೇ ಸಿಗುತ್ತವೆ. ಸಿಲಿಂಡರಿಗೆ ದುಡ್ಡು ಎಣಿಸಬೇಕು. ಅದರಲ್ಲಿ ತಪ್ಪು ಹುಡುಕಲು ನಾವು ಬಂದಿಲ್ಲ.

ನಮ್ಮ ತಕರಾರು ಬೇರೆ. ಹಳೇ ಮನೆಗಳಲ್ಲಿ ಇಟ್ಟಿಗೆಯ ಹೊಗೆಗೂಡು ಇನ್ನೂ ನಿಂತಿರುತ್ತದೆ. ಹೊಸದಾಗಿ ಹಂಡೆ ಒಲೆ ಕಟ್ಟಿಸುವಾಗ ಅದಕ್ಕೇ ಒಂದು ತೂತು ಹೊಡೆದು, ಕೊಳವೆ ಸಿಕ್ಕಿಸಿ, ಮಣ್ಣು ಮೆತ್ತಿ ಕೆಲಸ ಮುಗಿಸುತ್ತಾರೆ. ಒಲೆಗೆ ಒಂದು ದಿನ ಕೊಡುವವರು ಹೊಗೆಗೂಡು ನೋಡಲು ಅರ್ಧ ಗಂಟೆ ಕೊಡುವುದಿಲ್ಲ.

ಬಿಸಿ ಹೊಗೆ ಹಗುರ, ಮೇಲೇರುತ್ತದೆ. ಏರುತ್ತಾ ಹಿಂದಿನಿಂದ ಗಾಳಿ ಎಳೆಯುತ್ತದೆ, ಬೆಂಕಿ ಚೆನ್ನಾಗಿ ಉರಿಯುತ್ತದೆ. ಒಳಗೆ ಹಕ್ಕಿ ಗೂಡು, ಬಿದ್ದ ಇಟ್ಟಿಗೆ, ಗಟ್ಟಿ ಮಸಿ ಇದ್ದರೆ ಎಳೆತ ನಿಲ್ಲುತ್ತದೆ, ಹೊಗೆ ಮನೆಗೇ ತಿರುಗುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ. ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ಕಾಣುವುದೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿಕೊಂಡ ಬಚ್ಚಲಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲದು.

ಹೊಗೆ ಇಲ್ಲದ ಒಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ನಮ್ಮದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿತು. ಮೂರು ಪಾತ್ರೆ ಇಡುವ, ಚಿಮಣಿ ಇರುವ ಅಸ್ತ್ರ ಒಲೆ ಅಲ್ಲಿನ ವಿಜ್ಞಾನಿಗಳದ್ದೇ. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದು, 2002ರಲ್ಲಿ ನಿಲ್ಲಿಸಿತು. ಒಲೆ ಕಟ್ಟಿಸಿದ ಲೆಕ್ಕ ಕಡತದಲ್ಲಿ ಉಳಿಯಿತು. ಚಿಮಣಿಯ ಮಸಿ ತೆಗೆಯುವವರು ಯಾರು, ಒಡೆದರೆ ಯಾರನ್ನು ಕರೆಯಬೇಕು ಎಂಬುದು ಮನೆಯ ಹೆಣ್ಣುಮಕ್ಕಳ ತಲೆಗೇ ಬಿತ್ತು.

ಹಾಗಾಗಿ ಕೂಡಿಸುವ ಮುಂಚೆ ಇಷ್ಟು ಮಾಡಿ.

ಹೊಗೆಗೂಡಿನ ಬುಡದ ಕಿಂಡಿಯಲ್ಲಿ ಕನ್ನಡಿ ಹಿಡಿಯಿರಿ. ಗೂಡು ನೆಟ್ಟಗಿದ್ದರೆ ಆಕಾಶ ಕಾಣಬೇಕು. ಕಾಣದಿದ್ದರೆ ಮೊದಲು ಮಸಿ, ಕಸ ತೆಗೆಸಿ. ಕಿಂಡಿಯೇ ಇಲ್ಲದಿದ್ದರೆ ಒಂದು ಮಾಡಿಸಿ, ಅದಕ್ಕೆ ಬಿಗಿಯಾದ ಮುಚ್ಚಳ ಇರಲಿ.

ಹಳೇ ಒಲೆಯ ತೂತುಗಳನ್ನು ಇಟ್ಟಿಗೆ ಇಟ್ಟು ಗಾರೆಯಿಂದ ಮುಚ್ಚಿ. ಗೋಣಿಚೀಲ ತುರುಕಿದ್ದರೆ ತೆಗೆಯಿರಿ, ಅದು ಹೊತ್ತಿಕೊಳ್ಳುತ್ತದೆ.

ಹೊಸ ಕೊಳವೆ ಹೊಗೆಗೂಡಿನ ಒಳಗೋಡೆಗೆ ಸಮನಾಗಿ ನಿಲ್ಲಬೇಕು, ಒಳಕ್ಕೆ ಚಾಚಬಾರದು. ಒಲೆಯಿಂದ ಗೂಡಿನ ಕಡೆಗೆ ಸ್ವಲ್ಪ ಏರುಮುಖವಾಗಿರಲಿ. ಮರದ ತೊಲೆ, ಜಂತೆ, ಗರಿ ಚಪ್ಪರ ಅದರ ಹತ್ತಿರ ಬೇಡ.

ಕೊನೆಗೆ ತೂತಿನ ಬಾಯಲ್ಲಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಒಳ್ಳೆಯದು. ಈಚೆಗೆ ಬಂದರೆ ಒಲೆ ಹಚ್ಚಬೇಡಿ, ಮೇಸ್ತ್ರಿಯನ್ನು ಕರೆಯಿರಿ. ಹಳೇ ಕಲ್ನಾರಿನ ಸಿಮೆಂಟ್ ಕೊಳವೆ ಇದ್ದರೆ ಗರಗಸದಿಂದ ಕೊಯ್ಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಎಲ್ಲ ಸರಿಯಿದ್ದರೂ ಬಚ್ಚಲಿಗೆ ಗಾಳಿಯ ಕಿಂಡಿ ತೆರೆದೇ ಇರಲಿ, ಸೌದೆ ಚೆನ್ನಾಗಿ ಒಣಗಿರಲಿ.

"ಇದೆಲ್ಲ ಯಾಕೆ, ಪೂರ್ತಿ ಗ್ಯಾಸಿಗೆ ಬನ್ನಿ" ಎನ್ನುವವರಿದ್ದಾರೆ. ಒಳ್ಳೆಯ ಮಾತೇ. ಹೊಗೆಗೂಡು ಹೊಗೆಯನ್ನು ಮನೆಯಿಂದ ಬೀದಿಗೆ ಕಳಿಸುತ್ತದೆಯೇ ಹೊರತು ಇಲ್ಲದಂತೆ ಮಾಡುವುದಿಲ್ಲ ಎಂಬುದೂ ನಿಜ. ಆದರೆ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ಆ ಮನೆಯವರು ಮತ್ತೆ ಸೌದೆಗೇ ಬರುತ್ತಾರೆ. ಅಷ್ಟರವರೆಗೆ ಅವರು ಹೊಗೆ ಕುಡಿಯಲಿ ಎನ್ನುವುದು ನ್ಯಾಯವಲ್ಲ.

ನಾವು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಬ್ಬ ಗಾರೆ ಕೆಲಸದವರಿಗೆ ಒಲೆ, ಹೊಗೆಗೂಡಿನ ತರಬೇತಿ ಕೊಡಿಸಲಿ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಅವರು ಮನೆ ಮನೆಯ ಚಿಮಣಿ ನೋಡಲಿ, ಕೂಲಿ ಪಂಚಾಯಿತಿ ಕೊಡಲಿ. ಬೀದಿ ದೀಪ, ಚರಂಡಿಯ ಮಾತು ಬರುವ ಗ್ರಾಮಸಭೆಯಲ್ಲಿ ಒಲೆಯ ಮಾತೂ ಬರಬೇಕು. ಮುಂದಿನ ಸಭೆಯಲ್ಲಿ ಕೈ ಎತ್ತಿ ಕೇಳಿ. ಗಂಡಸರು ಕೇಳದಿದ್ದರೆ, ಅಕ್ಕಂದಿರೇ, ನೀವು ಕೇಳಿ. ಹೊಗೆ ಕುಡಿಯುತ್ತಿರುವವರು ನೀವು.